ಹಳಬರ ಕಿವಿಗುರುತು

ಹೊಳವನಹಳ್ಳಿ ಬಸ್‌ಸ್ಟಾಪಿನ ಎದುರು ಟೈಪಿಂಗ್ ಅಂಗಡಿ ಇಟ್ಟಿರುವ ಲಾವಣ್ಯ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಹಾಲು ಹಾಕಿಸಿಕೊಳ್ಳುವಾಗಲೂ ಬೆರಳದ್ದಿ ನೋಡುತ್ತಾಳೆ. ಹೋದ ವಾರ ಅವಳ ಕಂಪ್ಯೂಟರ್ ಕೆಟ್ಟಿತು. ಶಿರಾದಿಂದ ಒಬ್ಬ ಬಂದು ಹೊಸದನ್ನು ಜೋಡಿಸಿ, ಹಳೆಯದರಲ್ಲಿದ್ದ ಕನ್ನಡ ಟೈಪಿಂಗ್ ಪ್ರೋಗ್ರಾಂ ಅನ್ನೂ ಅದಕ್ಕೆ ಹಾಕಿಕೊಟ್ಟ. ಹದಿನೈದು ವರ್ಷದಿಂದ ಅವಳು ಟೈಪ್ ಮಾಡಿದ ಅರ್ಜಿ, ಲಗ್ನಪತ್ರಿಕೆಗಳೆಲ್ಲ ತೆರೆಯುವುದು ಅದೊಂದರಲ್ಲೇ.

ಅವನು ಅತ್ತ ಹೋದದ್ದೇ ಲಾವಣ್ಯ, ಕಂಪ್ಯೂಟರಿನಲ್ಲಿ ಏನೇನು ನಡೆಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದಳು. ಒಳಗೆ ಓಡುತ್ತಿದ್ದ ಅಷ್ಟೂ ಅರ್ಥವಾಗದ ಹೆಸರುಗಳಲ್ಲಿ ಎರಡರ ಪಕ್ಕ ಮಾತ್ರ ‘32 ಬಿಟ್’ ಎಂದಿತ್ತು.

“ಅತ್ತೆ, ಆವಯ್ಯ ಏನೋ ಕಳ್ಳಮಾಲು ತುಂಬವ್ನೆ. ಎರಡನ್ನೂ ಅಳಿಸ್ಬುಡ್ತೀನಿ!”

ಅತ್ತೆ ಕೆಂಪಕ್ಕ ಕುರಿ ಕಾದೇ ಮುದುಕಿಯಾದವಳು. ಬಾಗಿಲಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. “ತಾಳೇ. ನಮ್ಮ ಕುರಿ ಬ್ಯಾರೆ ಮಂದೆಗೆ ಸೇರ್ಕಂಡ್ರೆ ಕಿವಿ ಕತ್ತರಿಸಿರೋ ಗುರ್ತು ನೋಡಿ ಹಿಡೀತೀವಿ. ಗುರ್ತು ಹಾಕ್ಕಂಡು ಯಾವ ಕಳ್ಳ ಬತ್ತಾನೆ? ಒಂದೊಂದೇ ಆಚೆಗೆ ಬುಟ್ಟು ನೋಡು.”

ಲಾವಣ್ಯ ಟೈಪಿಂಗ್ ಪ್ರೋಗ್ರಾಂ ಮುಚ್ಚಿದಳು. ಒಂದು ಗುರುತು ಮಾಯವಾಯಿತು. ಮತ್ತೆ ತೆರೆದಳು, ಬಂತು. ಇನ್ನೊಂದನ್ನೂ ಹಾಗೇ ನೋಡಿದಳು, ಅದು ಅವಳ ಹಳೆ ಪ್ರಿಂಟರ್ ನಡೆಸುವ ಪ್ರೋಗ್ರಾಮಿನದು. ‘32 ಬಿಟ್’ ಎಂದರೆ ಹಳೆ ಕಾಲದ ಪ್ರೋಗ್ರಾಂ; ಹೊಸ ಕಂಪ್ಯೂಟರು ತನ್ನ ಮಂದೆಗೆ ಸೇರಿದ ಹಳಬರಿಗೆ ಹಾಕಿದ ಗುರುತು ಅದು! ಅಳಿಸಿದ್ದರೆ ಹದಿನೈದು ವರ್ಷದ ಕೆಲಸ ತೆರೆಯಲು ದಾರಿಯೇ ಇರುತ್ತಿರಲಿಲ್ಲ. ಅವಳು ಮೌಸಿನಿಂದ ಕೈ ತೆಗೆದಳು.

ಆದರೂ ಮನಸ್ಸು ಕೇಳಲಿಲ್ಲ. “ಹಂಗಾರೆ ಗುರ್ತೇ ಇಲ್ದಿರೋ ಇವೆಲ್ಲ ಯಾರವು ಅತ್ತೆ?”

“ಅವು ಆ ಕಂಪ್ಯೂಟ್ರು ಮನೇವೇ ಕಣಮ್ಮ, ಮನೇವ್ಕೆ ಗುರ್ತು ಯಾಕೆ? ನೀನು ಮದ್ವೆಯಾಗಿ ಬಂದಾಗ ನಮ್ಮನ್ನೂ ಇಂಗೇ ನೋಡ್ತಿದ್ದೆ.”