ಓದದೆ ಇಟ್ಟ ಕೊನೆಯ ಭಾಗ

ನನ್ನ ಅಮ್ಮನಿಗೆ ಒಂದಕ್ಷರ ಬರುತ್ತಿರಲಿಲ್ಲ, ಆದರೆ ಪತ್ತೇದಾರಿ ಪುಸ್ತಕದ ಹುಚ್ಚು ವಿಪರೀತ ಇತ್ತು. ಓದಿ ಹೇಳುತ್ತಿದ್ದವನು ಅಣ್ಣ. ನಮ್ಮದು ಬಂದರಿನ ಹತ್ತಿರದ ಮನೆ, ಮೀನಿನವರು. ಅಪ್ಪ ಮೊದಲೇ ತೀರಿಕೊಂಡಿದ್ದ. ಅಮ್ಮ ಬೆಳಿಗ್ಗೆ ಬುಟ್ಟಿ ಹೊತ್ತು ಕದ್ರಿ ಗುಡ್ಡೆ ಹತ್ತಿ ಮನೆಮನೆಗೆ ಮೀನು ಮಾರಿ ಬರುತ್ತಿದ್ದಳು. ಅಣ್ಣ ಬಲೆಗೆ ಹೋಗಲಿಲ್ಲ. ಹಂಚು ಹೇರಿಕೊಂಡು ಬೊಂಬಾಯಿಗೆ ಹೋಗುವ ಮಂಜಿಯಲ್ಲಿ, ಅಂದರೆ ಹಾಯಿ ಕಟ್ಟಿದ ದೊಡ್ಡ ಹಡಗಿನಲ್ಲಿ, ಕೆಲಸಕ್ಕಿದ್ದ. ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ ಅದು.

ಆಗ ಓದುತ್ತಿದ್ದ ಪುಸ್ತಕ ಒಂದಲ್ಲ, ಭಾಗ ಭಾಗವಾಗಿ ಬರುತ್ತಿತ್ತು. ಘಟ್ಟದ ಮೇಲೆ ಎಲ್ಲೋ ದಟ್ಟ ಕಾಡು, ಅದರೊಳಗೆ ಕೆಲವೇ ಮನೆ. ಹೊಳೆ ತುಂಬಿದರೆ ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹೊರಗೆ ಹೋಗುವಂತಿಲ್ಲ. ಅಷ್ಟು ಜನರಲ್ಲೇ ಒಬ್ಬ ಸಾಯುತ್ತಾನೆ, ಅಷ್ಟು ಜನರಲ್ಲೇ ಒಬ್ಬ ಕೊಂದಿರುತ್ತಾನೆ. ಭಾಗಕ್ಕೊಂದು ಕೊಲೆ ಪತ್ತೆಯಾಗುತ್ತಿತ್ತು. ಆದರೆ ಮೊದಲ ಭಾಗದಲ್ಲಿ ಕಾಣೆಯಾದ ಫಾರೆಸ್ಟ್ ಗಾರ್ಡ್ ಎಲ್ಲಿ ಹೋದ ಎಂಬುದನ್ನು ಮಾತ್ರ ಬರೆದವನು ಬಿಟ್ಟುಕೊಡುತ್ತಿರಲಿಲ್ಲ. ಅಮ್ಮನಿಗೆ ಬೇಕಾದದ್ದು ಅದೇ.

ಅಣ್ಣ ಊರಲ್ಲಿದ್ದರೆ ಸಂಜೆ ಚಾವಡಿಯಲ್ಲಿ ಕೂತು ಓದುವುದು. ಅಮ್ಮ ಎಲೆ ಜಗಿಯುತ್ತಾ ನಡುನಡುವೆ ಬಾಯಿ ಹಾಕುವುದು.

"ಅಷ್ಟು ಮನೆ ಉಂಟಲ್ಲ, ಒಂದು ಭೂತಸ್ಥಾನ ಇಲ್ಲವಾ ಅವರಿಗೆ? ದೈವದ ಹತ್ರ ಕೇಳಿದ್ರೆ ಗಾರ್ಡ್ ಎಲ್ಲಿದ್ದಾನೆ ಅಂತ ಹೇಳ್ತದೆ."

"ಹಾಗೆ ಕೇಳಿದ್ರೆ ಪುಸ್ತಕ ಒಂದೇ ಪುಟಕ್ಕೆ ಮುಗೀತದೆ ಅಮ್ಮ. ಮತ್ತೆ ಬರೆದವ ಎಂತ ಮಾಡುದು?" ಎಂದ ಅಣ್ಣ.

"ಮೀನು ಮಾರ್ಲಿ," ಎಂದಳು ಅಮ್ಮ.

ಕೊನೆಯ ಭಾಗ ಅಣ್ಣನ ಕೈಗೆ ಸಿಕ್ಕಿದ್ದು ಮಂಜಿ ಹೊರಡುವ ಹಿಂದಿನ ದಿನ. ಓದಲು ಹೊತ್ತಿರಲಿಲ್ಲ. ಬಂದು ಓದುತ್ತೇನೆ, ಇಟ್ಟಿರಿ ಎಂದು ಹೇಳಿ ಹೋದ. ಅಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ, ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಮುಡಿಯ ಮೇಲೆ ಇಟ್ಟಳು.

ಬೇಸಗೆ ಮುಗಿಯುವ ಪತ್ತನಾಜೆಯೊಳಗೆ ಮಂಜಿಗಳೆಲ್ಲ ಬಂದು ಹೊಳೆ ಸೇರಬೇಕು. ಆಮೇಲೆ ಕಡಲು ಯಾರ ಮಾತೂ ಕೇಳುವುದಿಲ್ಲ. ಆ ವರ್ಷ ಒಂದೊಂದಾಗಿ ಎಲ್ಲವೂ ಬಂದವು, ಅಣ್ಣನದು ಬರಲಿಲ್ಲ. ಬೊಂಬಾಯಿ ಬಿಟ್ಟದ್ದು ಗೊತ್ತು, ಮತ್ತೆ ಕಂಡಿಲ್ಲ ಎಂದರು ಬಂದವರು.

ನಮ್ಮ ಕಡೆಯ ಕೊನೆಯ ಭೂತಕೋಲ ಆಗ ಬಾಕಿ ಇತ್ತು. ಅದು ಕಳೆದರೆ ದೈವ ಮಾತಾಡುವುದು ಮಳೆಗಾಲ ಮುಗಿದ ಮೇಲೆಯೇ. ನೆರೆಮನೆಯ ಹೆಂಗಸು ಬಂದು, "ಹೋಗಿ ಕೇಳು ಮಾರಾಯ್ತಿ, ಒಂದು ದಾರಿ ಗೊತ್ತಾಗ್ತದೆ," ಎಂದಳು.

"ಕೇಳಿದ್ರೆ ಹೇಳ್ತದೆ," ಎಂದಳು ಅಮ್ಮ.

ಹೇಳಿಬಿಡುತ್ತದೆ ಎಂಬುದೇ ಅವಳಿಗೆ ಹೆದರಿಕೆ. ಕೋಲಕ್ಕೆ ಹೋಗಲೇ ಇಲ್ಲ.

ಮಳೆ ಹಿಡಿಯಿತು. ಹಸಿಮೀನು ಇಲ್ಲ, ಅಮ್ಮ ಒಣಮೀನು ಹೊತ್ತು ಹೋಗುತ್ತಿದ್ದಳು. ಅಳುವುದು ಗಿಳುವುದು ಇಲ್ಲ. ಮಲಗುತ್ತಲೂ ಇರಲಿಲ್ಲ. ಮಗಳ ಕೈಯಲ್ಲಾದರೂ ಆ ಪುಸ್ತಕ ಓದಿಸು, ಮನಸ್ಸಿಗೆ ಒಂದಿಷ್ಟು ಹಗುರಾಗುತ್ತದೆ ಎಂದು ನೆರೆಮನೆಯವಳು ಪುನಃ ಹೇಳಿದಳು. ಅವನು ಓದಲಿಕ್ಕೆ ಇಟ್ಟದ್ದು, ಮುಟ್ಟಬೇಡಿ ಎಂದು ಅಮ್ಮ ಅವಳ ಬಾಯಿ ಮುಚ್ಚಿಸಿದಳು.

ಮಳೆ ಬಿಡದೆ ಹೊಯ್ಯುವ ಆಟಿ ತಿಂಗಳ ಒಂದು ಮಧ್ಯಾಹ್ನ ಅಮ್ಮನೇ ಪುಸ್ತಕ ಇಳಿಸಿ, ಬಟ್ಟೆ ಬಿಚ್ಚಿ, ನನ್ನ ಮುಂದೆ ಇಟ್ಟಳು.

"ನೀನೇ ಓದು. ಇಟ್ಟು ಎಂತ ಮಾಡುದು, ಗೆದ್ದಲು ತಿಂತದೆ."

ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ದಡ್ಡಿಯಲ್ಲ. ಅವಳು ಏನು ಹೇಳುತ್ತಿದ್ದಾಳೆಂದು ಗೊತ್ತಾಯಿತು. ನಾನು ಮೊದಲ ಸಾಲು ಓದಿದರೆ ಅಣ್ಣ ಇಲ್ಲ ಎಂದು ನಾವಿಬ್ಬರೂ ಒಪ್ಪಿದ ಹಾಗೆ. ಗಾರ್ಡಿಗೆ ಏನಾಯಿತೆಂದು ತಿಳಿಯುವ ಆಸೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ. ಕೈ ಹಿಂದೆ ಕಟ್ಟಿಕೊಂಡೆ.

"ಬರುದಿಲ್ಲ."

"ಬಂದರಿನ ಬೋರ್ಡೆಲ್ಲ ಓದ್ತಿ, ಇದು ಬರುದಿಲ್ವಾ?"

"ಬರ್ತದೆ. ಓದುದಿಲ್ಲ. ಅಣ್ಣ ಓದ್ತಾನೆ."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಹೇನು ನೋಡತೊಡಗಿದಳು. ಅಣ್ಣ ಹೋದಂದಿನಿಂದ ನನ್ನ ತಲೆ ಮುಟ್ಟಿರಲಿಲ್ಲ. ಹೊರಗೆ ಮಳೆ ನಿಲ್ಲುವವರೆಗೂ ನೋಡಿದಳು. ಆಮೇಲೆ ಪುಸ್ತಕ ಸುತ್ತಿ ಮೇಲಿಟ್ಟಳು.

ಅಣ್ಣ ಬಂದದ್ದು ಆಟಿ ಮುಗಿಯುವ ಹೊತ್ತಿಗೆ. ರತ್ನಗಿರಿಯ ಹತ್ತಿರ ಹಾಯಿ ಕಟ್ಟುವ ಕೂವೆಮರ ಮುರಿದು ಮಂಜಿಯನ್ನು ಒಂದು ಹೊಳೆಯೊಳಗೆ ಕಟ್ಟಿದ್ದರಂತೆ. ಅಲ್ಲಿ ಇವನಿಗೆ ಜ್ವರ. ಸುದ್ದಿ ತರಬೇಕಾದವನು ಬೇರೆಲ್ಲೋ ಕೆಲಸ ಸಿಕ್ಕಿ ಉಳಿದನಂತೆ. ಸ್ವಲ್ಪ ನಡೆದು, ಸ್ವಲ್ಪ ಬಸ್ಸಿನಲ್ಲಿ, ಹಂಚಿಕಡ್ಡಿಯ ಹಾಗೆ ಸೊರಗಿ ಬಂದು ಬಾಗಿಲಲ್ಲಿ ನಿಂತ.

"ಎಂತ, ದಾರಿ ತಪ್ಪಿತಾ?" ಎಂದು ಕೇಳಿ ಅಮ್ಮ ಒಳಗೆ ಹೋದಳು. ಗಂಜಿಗೆ ಉಪ್ಪು ಹಾಕಿರಲಿಲ್ಲ. ಅಣ್ಣ ಹಾಗೆಯೇ ಉಂಡ.

ಸಂಜೆ ಪುಸ್ತಕ ಎಲ್ಲಿ ಎಂದು ಅವನೇ ಕೇಳಿದ. ಓದಲು ಹಿಡಿದು ಸ್ವಲ್ಪ ಹೊತ್ತಾಗಿರಬೇಕು, ಅಮ್ಮ ಕಂಬಕ್ಕೆ ಒರಗಿದಲ್ಲೇ ನಿದ್ದೆಹೋದಳು. ಅಣ್ಣ ನಿಲ್ಲಿಸಿದ. ಕೂಡಲೇ ಕಣ್ಣು ಬಿಟ್ಟು, "ಮತ್ತೆ?" ಎಂದಳು. ಅವನು ಓದಿದ, ಅವಳು ಪುನಃ ಮಲಗಿದಳು. ಗಾರ್ಡ್ ಎಲ್ಲಿದ್ದ ಎಂಬುದು ಅಣ್ಣನಿಗೂ ನನಗೂ ಮಾತ್ರ ಗೊತ್ತಾಯಿತು. ತೆಳ್ಳಗಿನ ಪುಸ್ತಕ, ಮುಗಿದೇ ಹೋಯಿತು. ಅಮ್ಮನಿಗೆ ಒಳ್ಳೆಯ ಗೊರಕೆ. ದನಿ ನಿಂತರೆ ಏಳುತ್ತಾಳೆಂದು ಅಣ್ಣ ಮೊದಲ ಪುಟ ತೆಗೆದು ಇನ್ನೊಮ್ಮೆ ಓದಲು ಶುರುಮಾಡಿದ. ಓದಿ ಓದಿ ಗಂಟಲು ಒಣಗಿತ್ತು. ನಾನು ಎದ್ದು ಬಿಸಿನೀರು ತಂದು ಅವನ ಹತ್ತಿರ ಇಟ್ಟೆ.