ಹೊಳೆಮತ್ತಿ, ಕರಿಮತ್ತಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಅದೂ ಸಸ್ಯಶಾಸ್ತ್ರದಲ್ಲಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೊಲದಲ್ಲಿ ಕಳೆ ಕಿತ್ತ ಕೈಯಲ್ಲೇ ಎಲೆಗಳನ್ನು ಒತ್ತಿ ಒಣಗಿಸಿ ಕಾಲೇಜಿನ ಹಾಳೆಗೆ ಅಂಟಿಸಿದವಳು ನಾನು.

ಬ್ಯಾಂಕಿನ ಕೆಲಸ ನನ್ನನ್ನು ಮೊದಲು ವಿಜಯವಾಡಕ್ಕೆ, ಆಮೇಲೆ ವಿಶಾಖಪಟ್ಟಣಕ್ಕೆ ತಂದಿತು. ಇಲ್ಲಿ ಕನ್ನಡದವರೆಲ್ಲ, ನೌಕಾಪಡೆಯ ಮನೆಯವರೂ ಬ್ಯಾಂಕಿನವರೂ, ಸೇರಿ ಗಣಪತಿ ಕೂರಿಸುತ್ತೇವೆ. ಆ ವರ್ಷ ಇಪ್ಪತ್ತೊಂದು ಬಗೆಯ ಪತ್ರೆ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಒಂದು ಮತ್ತಿ ಎಲೆ. ಪುಸ್ತಕದ ಪ್ರಕಾರ ಅದು ಹೊಳೆಮತ್ತಿಯದೇ ಆಗಬೇಕು. ಹಿಂದಿನ ದಿನ ಆಫೀಸಿನ ಕೆಲಸಕ್ಕೆ ವಿಜಯವಾಡಕ್ಕೆ ಹೋಗಿದ್ದವಳು ಕಾಲುವೆ ದಂಡೆಯ ಹೊಳೆಮತ್ತಿಯಿಂದ ಒಂದು ಟೊಂಗೆ ತಂದಿದ್ದೆ.

ಪೂಜೆಯ ಹೊತ್ತಿಗೆ ನಮ್ಮಲ್ಲಿನ ಹಿರಿಯರು, ನಿವೃತ್ತ ಮ್ಯಾನೇಜರು, ನಾನು ತಂದ ಎಲೆಯನ್ನು ತಟ್ಟೆಯಿಂದ ಎತ್ತಿ ಪಕ್ಕಕ್ಕಿಟ್ಟರು. ಇಲ್ಲಿನ ದ್ವಾರಕಾ ನಗರ ಬಡಾವಣೆಯ ರಸ್ತೆಬದಿಯಲ್ಲಿ ಕೊಂಡ ಪತ್ರೆ ಕಟ್ಟಿನಿಂದ ಬೇರೆ ಎಲೆ ತೆಗೆದಿಟ್ಟರು.

"ಮತ್ತಿ ಅಂದ್ರೆ ಇದಮ್ಮ. ಇಷ್ಟು ವರ್ಷ ಇದನ್ನೇ ಇಟ್ಟಿದೀವಿ."

"ಅದು ಕರಿಮತ್ತಿ ಐತ್ರಿ ಸರ್. ಇದರ ಬಳಗಾನ, ಆದ್ರ ಇದಲ್ಲ."

"ನಿಮ್ಮನೇಲಿ ಪತ್ರೆ ಪೂಜೆ ಪದ್ಧತಿ ಇತ್ತೇನಮ್ಮ?"

ಯಾರೋ ನಕ್ಕರು. ನಾನು ಎಂಥ ಮನೆಯಿಂದ ಬಂದವಳೆಂದು ಅವರು ಕೇಳುತ್ತಿದ್ದರು. ಅಲ್ಲಿದ್ದ ಎಲ್ಲರಿಗೂ ಅದು ಅರ್ಥವಾಯಿತು. ಆಗ ಸುಮ್ಮನಾಗಿದ್ದರೆ ಮುಂದೆಂದೂ ಆ ತಟ್ಟೆ ನನ್ನ ಕೈಗೆ ಬರುತ್ತಿರಲಿಲ್ಲ.

"ಇದ್ದಿಲ್ರಿ. ಓದಿ ತಿಳ್ಕೊಂಡೇನಿ. ಎರಡೂ ಎಲಿ ತಿರುವಿ ಹಿಂದ ಬೆರಳಾಡಿಸಿ ನೋಡ್ರಿ."

ಅವರು ನೋಡಲಿಲ್ಲ. ಪಕ್ಕದಲ್ಲಿದ್ದ ನೌಕಾಪಡೆಯವರೊಬ್ಬರ ಹೆಂಡತಿ ಸವರಿ ನೋಡಿ, "ನೀವು ತಂದಿರೋದು ನುಣುಪು. ಅದು ಕಂಬಳಿ ಥರ ಇದೆ," ಎಂದರು. ನಾನು ಬಿಡಲಿಲ್ಲ. ಹೊಳೆಮತ್ತಿಗೆ ನೀರಿನ ದಂಡೆ ಬೇಕು, ಅದರ ತೊಗಟೆ ಬಿಳಿಚಾಗಿ ಹಾಳೆಹಾಳೆಯಾಗಿ ಕಳಚುತ್ತದೆ. ಕರಿಮತ್ತಿ ಒಣ ಗುಡ್ಡದ್ದು. ಮೊಸಳೆಯ ಬೆನ್ನಿನಂತೆ ಬಿರಿದ ಕಪ್ಪು ತೊಗಟೆ. ಎರಡರ ಕಾಯಿಗೂ ಐದು ರೆಕ್ಕೆ. ರೆಕ್ಕೆಯ ಗೆರೆಗಳು ಹೊಳೆಮತ್ತಿಯಲ್ಲಿ ಮೇಲಕ್ಕೆ ಬಾಗುತ್ತವೆ, ಕರಿಮತ್ತಿಯಲ್ಲಿ ಅಡ್ಡಡ್ಡ ಹೋಗುತ್ತವೆ. ಎಲ್ಲವನ್ನೂ ಹೇಳಿದೆ.

"ಆಯ್ತಮ್ಮ, ಎರಡೂ ಇಡು. ದೇವರಿಗೇನೂ ಬೇಜಾರಿಲ್ಲ," ಎಂದರು ಹಿರಿಯರು.

"ನನಗೈತ್ರಿ," ಎಂದು ಕರಿಮತ್ತಿಯನ್ನು ತಟ್ಟೆಯಿಂದ ತೆಗೆದೆ.

ಅಷ್ಟರಲ್ಲಿ ತೆಲುಗು ಪುರೋಹಿತರು ಮಂತ್ರ ನಿಲ್ಲಿಸಿ ಮತ್ತಿ ಎಲೆಗೆ ಕೈ ಚಾಚಿದರು. "ಮದ್ದಿ ಆಕು ಇವ್ವಂಡಿ." ಹಿರಿಯರ ಮುಖ ನೋಡದೆ ನಾನು ತಂದದ್ದನ್ನೇ ಕೊಟ್ಟೆ. ಅದು ಗಣಪತಿಯ ಪಾದ ಸೇರಿತು.

ಕರಿಮತ್ತಿ ನನ್ನ ಎಡಗೈಯಲ್ಲೇ ಉಳಿಯಿತು. ಎಸೆಯಲಿಲ್ಲ. ಮನೆಗೆ ಒಯ್ದು ಹಳೆಯ ಪೇಪರಿನ ನಡುವೆ ಒತ್ತಿಟ್ಟೆ. ಅದೂ ನಾನು ಓದಿದ ಮರ.