ಎಡಕ್ಕೆ ತಿರುಗದ ಸ್ಟೀರಿಂಗ್

ಗಣಿ ಜೋರಾಗಿದ್ದ ವರ್ಷಗಳವು. ಹಗಲೆಲ್ಲ ಬಳ್ಳಾರಿಯ ರಸ್ತೆಯಲ್ಲಿ ಅದಿರಿನ ಲಾರಿಗಳಿಗೆ ದಾರಿ ಬಿಟ್ಟು ಬಿಟ್ಟು ಸಾಕಾದ ಹುಡುಗರು, ಸಂಜೆ ದುಡ್ಡು ಕೊಟ್ಟು ಕಂಪ್ಯೂಟರಿನಲ್ಲಿ ಲಾರಿ ಓಡಿಸುತ್ತಿದ್ದರು. ನಾನೂ ಓಡಿಸುತ್ತಿದ್ದೆ. ಓಡಿಸುತ್ತ ನಮ್ಮ ಮಾತಿನಲ್ಲೇ ವಟಗುಟ್ಟಿ, ಅದನ್ನು ವಿಡಿಯೊ ಮಾಡಿ, ಸೈಬರ್ ಕೆಫೆಯಲ್ಲಿ ಅರ್ಧ ದಿನ ಕೂತು ಇಂಟರ್ನೆಟ್ಟಿಗೆ ಏರಿಸುತ್ತಿದ್ದೆ. ನೋಡುವವರು ಕೆಲವು ನೂರು ಮಂದಿ. ನನ್ನ ತಲೆ ತಿರುಗಲು ಅಷ್ಟು ಸಾಕಾಗಿತ್ತು.

ಒಂದು ದಿನ ಕಂಪ್ಯೂಟರ್ ಅಂಗಡಿಯ ಮಾಲೀಕರೊಬ್ಬರು ಕರೆಸಿ, ಆಟಕ್ಕೆ ಜೋಡಿಸುವ ಸ್ಟೀರಿಂಗ್ ಒಂದನ್ನು ಪುಕ್ಕಟೆ ಕೊಟ್ಟರು. "ಚಲೋ ಐತಿ ಅಂತ ಹೇಳ್ರಿ. ನಾ ಕೊಟ್ಟೀನಿ ಅನ್ನಬ್ಯಾಡ್ರಿ, ನೀವ ತಗೊಂಡಂಗ ಮಾತಾಡ್ರಿ" ಎಂದರು. ಮೂರನೆಯ ದಿನಕ್ಕೆ ಅದು ಎಡಕ್ಕೆ ತಿರುಗುವುದನ್ನು ನಿಲ್ಲಿಸಿತು. ನಾನು ಆಟದಲ್ಲಿ ಬರೀ ಬಲ ತಿರುವುಗಳಿರುವ ರಸ್ತೆಯೊಂದನ್ನು ಹುಡುಕಿ, ಅದರಲ್ಲಿ ಲಾರಿ ಓಡಿಸಿ, "ಕೊಟ್ಟ ರೊಕ್ಕ ಸಾರ್ಥಕ ಆತು ನೋಡ್ರಿ" ಎಂದು ವಿಡಿಯೊ ಮಾಡಿದೆ. ಆ ರಸ್ತೆ ಹುಡುಕಲು ಪಟ್ಟ ಕಷ್ಟವನ್ನು ಪರೀಕ್ಷೆಗೆ ಪಟ್ಟಿದ್ದರೆ ಡಿಗ್ರಿ ಮೊದಲ ಸಲಕ್ಕೇ ಮುಗಿಯುತ್ತಿತ್ತು.

ಸಿರುಗುಪ್ಪದಲ್ಲಿ ನನ್ನ ಕಾಲೇಜಿನ ಗೆಳೆಯನಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ನಾಲ್ಕು ಕಂಪ್ಯೂಟರ್ ಇಟ್ಟು ಆಟದ ಅಂಗಡಿ ತೆರೆದಿದ್ದ. ಮನೆ ನಡೆಯುತ್ತಿದ್ದದ್ದು ಅದರಿಂದಲೇ. ವಿಡಿಯೊ ನೋಡಿ ಫೋನ್ ಮಾಡಿದ.

"ಲೇ, ಖರೇನ ಚಲೋ ಐತೇನು? ನಾಲ್ಕು ತಗೊಳ್ಳಾಕ ಹತ್ತೀನಿ. ಅಂಗಡ್ಯಾರು ಏನರ ಕೊಟ್ಟು ಹೇಳಿಸ್ಯಾರೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಅಂಥವನೆಂದು ತಿಳಿದೆಯಾ ಎಂದು ನಾನು ರೇಗಿದೆ. ಪಾಪ, ಅವನೇ ತಪ್ಪಾಯಿತು ಎಂದು ನಾಲ್ಕು ಸ್ಟೀರಿಂಗ್ ಕೊಂಡ. ತಿಂಗಳೊಳಗೆ ನಾಲ್ಕೂ ಕೆಟ್ಟವು. ಹುಡುಗರು ಬೇರೆ ಅಂಗಡಿ ಹಿಡಿದರು. "ನಿಂದು ಚಲೋ ಬಂತು, ನನ್ನ ನಸೀಬ ಸರಿ ಇಲ್ಲ" ಎಂದ. ನಾನು "ಹೌದಪ್ಪ, ನಸೀಬು" ಎಂದೆ. ಆ ಮಾತು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆ ಬೇಸಿಗೆಯಲ್ಲಿ ಕುರುಗೋಡಿನಲ್ಲಿ ಅಕ್ಕನ ಮದುವೆಯಾಯಿತು. ನಮ್ಮ ಕಡೆ ಮುಯ್ಯಿ ಮಾಡಿದವರ ಹೆಸರು, ಊರು, ಕೊಟ್ಟ ಸಾಮಾನು ಎಲ್ಲವನ್ನೂ ಮೈಕಿನಲ್ಲಿ ಓದುತ್ತಾರೆ. ಓದದಿದ್ದರೆ ಕೊಟ್ಟವರಿಗೆ ಅವಮಾನ. ಓದುವ ಕೆಲಸ ಸೋದರಮಾವನದು. ಚೀಟಿಯಲ್ಲಿದ್ದದ್ದನ್ನು ಇದ್ದಂತೆ ಓದುವುದಷ್ಟೇ ತನ್ನ ಕೆಲಸ, ಅರ್ಥ ಮಾಡಿಕೊಳ್ಳುವುದಲ್ಲ ಎಂದು ಅವನು ನಂಬಿದ್ದ. ಗೆಳೆಯ ಒಂದು ಸ್ಟೀಲಿನ ಕೊಡ ಓದಿಸಿ ಊಟಕ್ಕೆ ಕೂತಿದ್ದ. ಅಷ್ಟರಲ್ಲಿ ಅಂಗಡಿಯ ಮಾಲೀಕರು ಬಂದರು. ಬರಲಾರರು ಎಂದುಕೊಂಡು ನಾನೇ ಕರೆದಿದ್ದೆ. ಅವರ ಕೈಯಲ್ಲಿ ದೊಡ್ಡ ಡಬ್ಬಿ, ಮೇಲೆ ಅವರೇ ಬರೆದ ಚೀಟಿ. ಮಾವ ಗಂಟಲು ಸರಿ ಮಾಡಿಕೊಂಡು ಓದಿದ:

"ಬಳ್ಳಾರಿ ಕಂಪ್ಯೂಟರ್ ಅಂಗಡಿಯವರಿಂದ ಮಿಕ್ಸರ್ ಒಂದು. ನಾವು ಪುಕ್ಕಟೆ ಕೊಟ್ಟ ಸ್ಟೀರಿಂಗನ್ನು ವಿಡಿಯೊದಲ್ಲಿ ಹೊಗಳಿ, ನಮ್ಮ ವ್ಯಾಪಾರ ಬೆಳೆಸಿಕೊಟ್ಟ ಮದುಮಗಳ ತಮ್ಮನ ಮೇಲಿನ ಪ್ರೀತಿಗಾಗಿ."

ಮಾವನಿಗೆ ಅದು ಹಿಡಿಸಿತು. ಇನ್ನೊಂದು ಸಲ ಓದಿದ.

ನಾನು ಮಾಲೀಕರ ಬಳಿ ಓಡಿ, "ಹೇಳಬ್ಯಾಡ ಅಂದವರು ನೀವ ಅಲ್ರಿ?" ಎಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಅದು ವ್ಯಾಪಾರ್ರಿ, ಇದು ಮುಯ್ಯಿ. ಮುಯ್ಯಿನಾಗ ಯಾರರ ಮುಚ್ಚಿಡತಾರೇನ್ರಿ?"

ನನಗೆ ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು, ಸಿಕ್ಕಿಬಿದ್ದವನ ಸಿಟ್ಟು. ಗೆಳೆಯ ಎಲೆ ಬಿಟ್ಟು ಏಳಲಿಲ್ಲ. ಮಜ್ಜಿಗೆಯವರೆಗೂ ಊಟ ಮುಗಿಸಿ, ಕೈ ತೊಳೆದು, ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

"ಅವತ್ತು ಫೋನಿನಾಗ ಹೇಳಿದ್ರ ಏನಾಗತಿತ್ತು?" ಎಂದ.

"ನೀ ತಗೊಂತಿದ್ದಿಲ್ಲ."

"ನಿನಗ ಅನುಕೂಲ ಆಗತೈತಿ ಅಂದಿದ್ರ, ಕೆಟ್ಟದ್ದು ಅಂತ ಗೊತ್ತಿದ್ರೂ ಒಂದು ತಗೊಂತಿದ್ನಿ. ನಾಲ್ಕು ತಗೊಂತಿದ್ದಿಲ್ಲ, ಅಷ್ಟ."

ಅಕ್ಕನಿಗೆ ಹೇಳಿ ಹೊರಟ. ಬಸ್ ಸ್ಟ್ಯಾಂಡಿನವರೆಗೂ ನಾನು ಹಿಂದೆ ಹೋದೆ. ಬರಬೇಡ ಎನ್ನಲಿಲ್ಲ. ಸಿರುಗುಪ್ಪದ ಬಸ್ಸು ಬರುವ ತನಕ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು.